ಮಾತಿಗೂ ಹಾಡಿಗೂ ನಡುವಿನ ಕೊಂಡಿ

ಪ್ರಶ್ನೆ: ಬಾಗಲಕೋಟೆ ನವನಗರದಾಗ ಇರ್ತೀನ್ರಿ, ವಯಸ್ಸು ಐವತ್ತೆರಡು. ಮಗಳು ಇಂಗ್ಲಿಷ್ ಮ್ಯೂಸಿಕಲ್ ಸಿನಿಮಾ ಬಾಳ ನೋಡ್ತಾಳ. ನನಗ ಅವು ಸೇರೂದಿಲ್ಲ. ‘ಲಾ ಲಾ ಲ್ಯಾಂಡ್’ ಹಚ್ಚಿದ್ಲು. ರಸ್ತಾದಾಗ ಕಾರು ನಿಂತಾವ, ಮಂದಿ ಇಳದು ಕುಣ್ಯಾಕ ಹತ್ತಿದ್ರು, ಐದು ನಿಮಿಷಕ್ಕ ಎದ್ದು ಹೋದೆ. ‘ಸೌಂಡ್ ಆಫ್ ಮ್ಯೂಸಿಕ್’ ಅರ್ಧಕ್ಕ ಬಿಟ್ಟೆ. ಆದ್ರ ‘ಕ್ಯಾಬರೆ’ ಪೂರಾ ನೋಡ್ದೆ, ‘ಶಿಕಾಗೊ’ ಎರಡು ಸಲ ನೋಡ್ದೆ. ಮರಾಠಿ ‘ಕಟ್ಯಾರ್ ಕಾಳಜಾತ್ ಘುಸಲಿ’ ಅಂದ್ರ ಜೀವ. ಇಡೀ ರಾತ್ರಿ ಕುಂತು ಪಾರಿಜಾತ ನೋಡಿದಾಂವ ನಾನು. ಹಂಗಾದ್ರ ನನಗ ಸೇರದ ಇರೂದು ಏನು? ಮಗಳ ಜೋಡಿ ಕುಂತು ನೋಡಬೇಕಂದ್ರ ಯಾವ ಸಿನಿಮಾ ಆರಸ್ಲಿ, ಹೆಂಗ ನೋಡ್ಲಿ?

ಉತ್ತರ: ನಿಮಗೆ ಸೇರದಿರುವುದು ಹಾಡಲ್ಲ, ಕುಣಿತವೂ ಅಲ್ಲ. ಇಡೀ ರಾತ್ರಿ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಕೂತವರಿಗೆ ಹಾಡು ಬೇಡವೆಂದರೆ ಯಾರು ನಂಬುತ್ತಾರೆ? ನಿಮ್ಮನ್ನು ಎಬ್ಬಿಸಿ ಕಳಿಸುವುದು ಮಾತು ಮುಗಿದು ಹಾಡು ಶುರುವಾಗುವ ಆ ನಾಲ್ಕೈದು ಸೆಕೆಂಡು. ನೀವು ಮೆಚ್ಚಿದ ಮೂರೂ ಸಿನಿಮಾಗಳಲ್ಲಿ ಆ ಜಾಗವನ್ನು ಬಹಳ ಜೋಪಾನವಾಗಿ ಕಟ್ಟಿದ್ದಾರೆ. ಬಿಟ್ಟು ಎದ್ದ ಎರಡರಲ್ಲಿ ಅದನ್ನು ಬೇಕೆಂದೇ ಬಯಲಿಗೆ ಬಿಟ್ಟಿದ್ದಾರೆ. ಇದಕ್ಕೆ ನಿಮ್ಮ ಜಿಲ್ಲೆಯ ನೇಕಾರರ ಪದವೇ ಸರಿ ಹೊಂದುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಬಣ್ಣ ಬದಲಾದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಎಲ್ಲಿಯೂ ಹರಿದಂತೆ ಅನಿಸುವುದಿಲ್ಲ. ಮ್ಯೂಸಿಕಲ್ ಸಿನಿಮಾದಲ್ಲಿ ಮಾತು ಒಡಲು, ಹಾಡು ಸೆರಗು. ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂಬುದೇ ಮೊದಲ ಪ್ರಶ್ನೆ.

ಆ ಜಾಗದಲ್ಲಿ ನಿಜಕ್ಕೂ ಏನೇನು ಬದಲಾಗುತ್ತದೆ ನೋಡಿ. ಇಬ್ಬರು ಕೋಣೆಯಲ್ಲಿ ಕೂತು ಮಾತಾಡುವ ದೃಶ್ಯದಲ್ಲಿ ಮಾತಿನ ಸದ್ದು ಮಾತ್ರ ಇರುವುದಿಲ್ಲ. ಬಟ್ಟೆ ಸರಿದದ್ದು, ಕುರ್ಚಿ ಕಿರುಗುಟ್ಟಿದ್ದು, ಕಿಟಕಿಯಾಚೆಯ ರಸ್ತೆ, ಗೋಡೆಗೆ ಬಡಿದು ಬಂದ ಸಣ್ಣ ಮರುದನಿ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಹಾಡನ್ನಾದರೆ ಬಹುಪಾಲು ಸಿನಿಮಾಗಳಲ್ಲಿ ಚಿತ್ರೀಕರಣಕ್ಕೆ ಮೊದಲೇ ಸ್ಟುಡಿಯೊದಲ್ಲಿ, ಮೈಕಿನ ಹತ್ತಿರ ನಿಂತು ಹಾಡಿ ಮುದ್ರಿಸಿರುತ್ತಾರೆ. ಸೆಟ್ಟಿನಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ನಟರು ತುಟಿ ಕೂಡಿಸುತ್ತಾರೆ. ಹೀಗಾಗಿ ಹಾಡು ಶುರುವಾದ ಕ್ಷಣ ನಾಲ್ಕು ಸಂಗತಿ ಒಮ್ಮೆಗೇ ಬದಲಾಗುತ್ತವೆ. ಕೋಣೆಯ ಸದ್ದು ಮಾಯ. ಆರಡಿ ದೂರವಿದ್ದ ದನಿ ಕಿವಿಯ ಪಕ್ಕಕ್ಕೆ ಬಂದುಬಿಡುತ್ತದೆ. ಎಲ್ಲಿಯೂ ಕಾಣದ ಇಡೀ ವಾದ್ಯಮೇಳ ಹುಟ್ಟಿಕೊಳ್ಳುತ್ತದೆ. ಮೆಟ್ಟಿಲು ಹತ್ತಿ ಓಡುವವನ ಹಾಡಿನಲ್ಲಿ ಏದುಸಿರೇ ಇರುವುದಿಲ್ಲ. ಇಷ್ಟನ್ನೂ ಒಂದೇ ಸೆಕೆಂಡಿನಲ್ಲಿ ಒಪ್ಪಿಕೋ ಎಂದರೆ ಕಿವಿ ಹಟ ಹಿಡಿಯುತ್ತದೆ. ‘ಇದು ಸುಳ್ಳು’ ಎಂದು ನಿಮಗೆ ಅನಿಸುವುದು ಅಲ್ಲಿ. ಕಥೆ, ನಟನೆ, ರಾಗ ಯಾವುದೂ ಇನ್ನೂ ಶುರುವಾಗಿಯೇ ಇರುವುದಿಲ್ಲ, ಅಷ್ಟರಲ್ಲಿ ಮನಸ್ಸು ಎದ್ದು ನಿಂತಿರುತ್ತದೆ.

ಹಾಗಾದರೆ ನಮ್ಮ ಕನ್ನಡ, ಹಿಂದಿ ಸಿನಿಮಾದ ಹಾಡು ಯಾಕೆ ಹೀಗೆ ಚುಚ್ಚುವುದಿಲ್ಲ? ಅಲ್ಲಿ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ, ಅದಕ್ಕೆ. ಊರು ಬೇರೆ, ಬಟ್ಟೆ ಬೇರೆ, ಹವಾಮಾನ ಬೇರೆ, ದನಿಯೂ ಬೇರೆಯವರದು. ‘ಕಥೆ ಐದು ನಿಮಿಷ ನಿಂತಿದೆ, ಹಾಡು ಕೇಳಿ’ ಎಂದು ಸಿನಿಮಾವೇ ಹೇಳಿಬಿಡುತ್ತದೆ. 1943ರ ‘ಕಿಸ್ಮತ್’ನಲ್ಲಿ ಮುಮ್ತಾಜ್ ಶಾಂತಿ ತುಟಿ ಆಡಿಸುವಾಗ ಕೇಳುವುದು ನಿಮ್ಮದೇ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ದನಿ. ಅದು ಯಾರಿಗೂ ಮೋಸ ಅನಿಸಲಿಲ್ಲ, ಯಾಕೆಂದರೆ ನೋಡುವವರಿಗೂ ಮಾಡುವವರಿಗೂ ಆ ಒಪ್ಪಂದ ಗೊತ್ತಿತ್ತು. ಹಾಲಿವುಡ್ ಮ್ಯೂಸಿಕಲ್ ಹಾಗಲ್ಲ. ಅದೇ ಕೋಣೆ, ಅದೇ ಬಟ್ಟೆ, ಅದೇ ಜಗಳ. ಮಾತಿನ ಮುಂದಿನ ಸಾಲೇ ಹಾಡಾಗಿ ಬರುತ್ತದೆ, ಕಥೆ ನಿಲ್ಲುವುದೇ ಇಲ್ಲ. ಕೊಂಡಿ ಹಾಕಬೇಕಾದ ಜಾಗ ಅಲ್ಲಿ ಬಹಳ ಸಣ್ಣದು, ತಪ್ಪಿದರೆ ಬಹಳ ದೊಡ್ಡದಾಗಿ ಕಾಣುವಂಥದು.

ಪಾರಿಜಾತದಲ್ಲಿ ಈ ತೊಂದರೆ ಏಳುವುದೇ ಇಲ್ಲ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನಲ್ಲಿ ನಡೆದು ಬಂದ ಆ ಆಟದಲ್ಲಿ ಮೊದಲ ಗಣಪತಿ ಸ್ತುತಿಯಿಂದಲೇ ಹಾಡಿಗೂ ಮಾತಿಗೂ ಒಂದೇ ಮರ್ಯಾದೆ. ಹಿಮ್ಮೇಳ ಹಿಂದೆಯೇ ಕಾಣುವಂತೆ ನಿಂತಿರುತ್ತದೆ, ಭಾಗವತ ಪಾತ್ರಗಳನ್ನು ಮಾತಾಡಿಸುತ್ತಾನೆ, ಪೇಟಿ (ಹಾರ್ಮೋನಿಯಂ), ತಬಲಾ ಕಣ್ಣೆದುರಿಗೇ ಇವೆ. ವಾದ್ಯ ಎಲ್ಲಿಂದ ಬಂತು ಎಂದು ಕೇಳುವ ಪ್ರಮೇಯವೇ ಇಲ್ಲ. ಸತ್ಯಭಾಮೆ ಮುನಿಸಿಕೊಂಡು ಹಾಡಿದರೆ ಅದು ಅವಳ ಮಾತೇ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲೂ ಇದೇ ಕ್ರಮ.

ಕಂಪನಿ ನಾಟಕದಲ್ಲಿ ಕೊಂಡಿಯ ಕೆಲಸ ಇನ್ನೂ ಸೂಕ್ಷ್ಮ. ಬನಶಂಕರಿ ಜಾತ್ರೆಯ ನಾಟಕ ನೋಡಿದ್ದರೆ ನೆನಪು ಮಾಡಿಕೊಳ್ಳಿ. ಮಾತು ಮುಗಿಯಲು ಇನ್ನೂ ಎರಡು ಸಾಲು ಇರುವಾಗಲೇ ಪೇಟಿ ಮಾಸ್ತರರು ಮೆಲ್ಲಗೆ ಸುರ ಹಿಡಿಯುತ್ತಾರೆ. ನಟ ಕೊನೆಯ ಸಾಲನ್ನು ಆ ಸುರಕ್ಕೆ ಏರಿಸಿ, ಕೊನೆಯ ಅಕ್ಷರವನ್ನು ಎಳೆದು, ಅದೇ ಎಳೆಯಲ್ಲಿ ಪದ ಎತ್ತಿಕೊಳ್ಳುತ್ತಾನೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಹುಟ್ಟಿತು ಎಂದು ಗೆರೆ ಎಳೆದು ತೋರಿಸಲು ಆಗುವುದಿಲ್ಲ. ಏಣಗಿ ಬಾಳಪ್ಪನವರಂಥವರು ನಟರೂ ಹಾಡುಗಾರರೂ ಆಗಿದ್ದ ರಂಗಭೂಮಿ ಅದು. ಅತ್ತ ಮರಾಠಿ ಸಂಗೀತ ನಾಟಕಕ್ಕೆ 1880ರ ‘ಶಾಕುಂತಲ’ದಿಂದ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಿಮ್ಮ ಕಿವಿ ತಯಾರಾದದ್ದು ಈ ನೆಲದಲ್ಲಿ. ಅದಕ್ಕೆ ಪೇಟಿಯ ಸುರವಿಲ್ಲದೆ ಧುತ್ತೆಂದು ಎದ್ದ ಹಾಡು ಅಪಸ್ವರದಂತೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಕಿವಿಯನ್ನು ನಂಬಿಯೇ ಸಿನಿಮಾ ಆರಿಸಬಹುದು.

ಈಗ ನಿಮಗೆ ಸೇರಿದ ಸಿನಿಮಾಗಳಲ್ಲಿ ಪೇಟಿ ಮಾಸ್ತರರು ಎಲ್ಲಿ ಕೂತಿದ್ದಾರೆ ನೋಡೋಣ.

1972ರ ‘ಕ್ಯಾಬರೆ’ಯ ನಿರ್ದೇಶಕ ಬಾಬ್ ಫಾಸಿ ಒಂದು ಕಠಿಣ ನಿರ್ಧಾರ ಮಾಡಿದರು. ಮೂಲ ರಂಗನಾಟಕದಲ್ಲಿ ಪಾತ್ರಗಳು ಮನೆಯಲ್ಲಿ ನಿಂತು ಹಾಡುವ ಹಾಡುಗಳೂ ಇದ್ದವು. ಅವನ್ನು ಕಿತ್ತುಹಾಕಿ, ಹಾಡುಗಾರಿಕೆಯನ್ನೆಲ್ಲ ಬರ್ಲಿನ್ನಿನ ಆ ಕ್ಲಬ್ಬಿನ ರಂಗದ ಮೇಲಕ್ಕೆ ತಂದರು. ಹಾಡುವುದು ಅಲ್ಲಿ ಪಾತ್ರಗಳ ಹೊಟ್ಟೆಪಾಡು. ವಾದ್ಯದವರು ಕಾಣುತ್ತಾರೆ, ಕೇಳುವವರು ಎದುರಿಗೆ ಕೂತಿದ್ದಾರೆ. ಕ್ಲಬ್ಬಿನ ಹೊರಗೆ ಒಬ್ಬರು ಎದ್ದು ಹಾಡುವುದು ಒಂದೇ ಕಡೆ, ತೋಟದ ಹೋಟೆಲಿನ ದೃಶ್ಯದಲ್ಲಿ. ಚೆಲುವ ಹುಡುಗನೊಬ್ಬ ಇಂಪಾಗಿ ಹಾಡುತ್ತಿದ್ದಾನೆ. ಕ್ಯಾಮೆರಾ ಮುಖದಿಂದ ಕೆಳಗಿಳಿದಾಗ ತೋಳಿನ ಮೇಲಿನ ನಾಜಿ ಪಟ್ಟಿ ಕಾಣುತ್ತದೆ. ಕೂತವರು ಒಬ್ಬೊಬ್ಬರೇ ಎದ್ದು ದನಿಗೂಡಿಸುತ್ತಾರೆ. ಹಾಡು ರಂಗ ಬಿಟ್ಟು ಬೀದಿಗೆ ಬಂದದ್ದೇ ಅಲ್ಲಿ ಭಯ ಹುಟ್ಟಿಸುವ ಸಂಗತಿ. ಅಲ್ಲಿಯವರೆಗೆ ನಿಯಮವನ್ನು ಅಷ್ಟು ಬಿಗಿಯಾಗಿ ಪಾಲಿಸಿದ್ದರಿಂದಲೇ ಅದನ್ನು ಮುರಿದ ಒಂದು ಏಟಿಗೆ ಅಷ್ಟು ಬಲ ಬಂತು. ಮ್ಯೂಸಿಕಲ್ ಸೇರದವರು ಈ ಸಿನಿಮಾವನ್ನು ಮೆಚ್ಚುವುದು ಅದಕ್ಕೇ.

2002ರ ‘ಶಿಕಾಗೊ’ದಲ್ಲಿ ರಂಗ ಇರುವುದು ನಾಯಕಿ ರಾಕ್ಸಿಯ ತಲೆಯೊಳಗೆ. ನಿಜ ಒಂದು ಕಡೆ, ಅವಳು ಕಲ್ಪಿಸಿಕೊಂಡ ರಂಗ ಇನ್ನೊಂದು ಕಡೆ, ಎರಡರ ನಡುವೆ ಕತ್ತರಿಸಿ ಕತ್ತರಿಸಿ ತೋರಿಸುತ್ತಾರೆ. ಇಡೀ ಸಿನಿಮಾದಲ್ಲಿ ಕೊಂಡಿ ಕಲಿಯಲು ಒಂದೇ ಜಾಗ ಸಾಕು ಎಂದರೆ, ಜೈಲಿನ ಕೋಣೆಗಳ ಟ್ಯಾಂಗೊ ಹಾಡು ಶುರುವಾಗುವ ರೀತಿ. ರಾತ್ರಿ ನಲ್ಲಿಯ ನೀರು ತೊಟ್ಟಿಕ್ಕುತ್ತದೆ. ಕಾವಲಿನವರ ಹೆಜ್ಜೆ ಸದ್ದು. ಬೆರಳು ಕಬ್ಬಿಣಕ್ಕೆ ತಾಗಿದ ಸದ್ದು. ಒಂದೊಂದಾಗಿ ಸೇರಿ ತಾಳವಾಗುತ್ತವೆ, ಆಮೇಲೆ ಮಾತು, ಆಮೇಲೆ ಹಾಡು. ಮೇಲೆ ಹೇಳಿದ ನಾಲ್ಕು ಬದಲಾವಣೆಗಳು ಇಲ್ಲಿ ಒಮ್ಮೆಗೇ ಬೀಳುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿದಂತೆ ಬರುತ್ತವೆ, ಕೋಣೆಯ ಸದ್ದೇ ವಾದ್ಯವಾಗುತ್ತದೆ. ಪತ್ರಕರ್ತರ ಸಭೆಯ ಹಾಡಿನಲ್ಲಿ ವಕೀಲ ರಾಕ್ಸಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬೊಂಬೆಯಂತೆ ಆಡಿಸುತ್ತಾನೆ. ಅದೇ ಸಂಗತಿಯನ್ನು ಮಾತಿನಲ್ಲಿ ತೋರಿಸಲು ಹತ್ತು ನಿಮಿಷ ಬೇಕಿತ್ತು.

‘ಕಟ್ಯಾರ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1967ರ ಸಂಗೀತ ನಾಟಕ 2015ರಲ್ಲಿ ಸಿನಿಮಾ ಆಯಿತು. ಪಾತ್ರಗಳು ಗವಾಯಿಗಳು, ಹಾಡು ಅವರ ಕುಸ್ತಿ. ಎಷ್ಟೋ ಹಾಡು ಮುಗಿದಾಗ ಯಾರೋ ಗೆದ್ದಿದ್ದಾರೆ, ಯಾರೋ ಸೋತಿದ್ದಾರೆ. ಖಾನ್‌ಸಾಹೇಬರ ಪಾತ್ರಕ್ಕೆ ರಾಹುಲ್ ದೇಶಪಾಂಡೆಯವರ ದನಿ. ರಂಗದಲ್ಲಿ ಅದೇ ಪಾತ್ರ ಮಾಡಿ ಹಾಡಿದ ವಸಂತರಾವ್ ದೇಶಪಾಂಡೆಯವರ ಮೊಮ್ಮಗ ಅವರು. ಹಾಗಾಗಿ ಎರವಲು ದನಿ ಎಂದು ಅನಿಸುವುದೇ ಇಲ್ಲ.

ಕೊಂಡಿ ಹಾಕುವ ಇನ್ನೂ ಎರಡು ಬಗೆ ಇವೆ, ನಿಮಗೆ ಇನ್ನೂ ಪರಿಚಯವಾಗದವು. ಒಂದು, ಕೊಂಡಿಯ ಅಗತ್ಯವನ್ನೇ ತೆಗೆದುಹಾಕುವುದು. 1964ರ ಫ್ರೆಂಚ್ ಸಿನಿಮಾ ‘ದಿ ಅಂಬ್ರೆಲಾಸ್ ಆಫ್ ಶೆರ್ಬೂರ್’ನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಸಾಲೂ ಬರಿ ಮಾತಿಲ್ಲ. ‘ಪೆಟ್ರೋಲ್ ಹಾಕಲೇ?’ ಎಂಬುದನ್ನೂ ಹಾಡುತ್ತಾರೆ. ಕೇಳಿದರೆ ಹೆದರಿಕೆ ಆಗುತ್ತದೆ, ನೋಡಿದರೆ ಆಗುವುದಿಲ್ಲ. ಒಡಲೂ ಸೆರಗೂ ಒಂದೇ ಹಾಸಾದ ಮೇಲೆ ಹರಿಯಲು ಜಾಗವೆಲ್ಲಿದೆ? ಹತ್ತು ನಿಮಿಷದಲ್ಲಿ ಕಿವಿ ಅದನ್ನು ಮಾತೆಂದೇ ಕೇಳತೊಡಗುತ್ತದೆ, ಸಣ್ಣಾಟದಲ್ಲಿ ಆಗುವಂತೆಯೇ. ಮೊದಲ ದೃಶ್ಯದಲ್ಲೇ ಗ್ಯಾರೇಜಿನ ಕೆಲಸಗಾರನೊಬ್ಬ ತನಗೆ ಆಪೆರಾ ಸೇರದು, ಹಾಡುವ ಜನರನ್ನು ಕಂಡರೆ ಸಂಕಟ, ಸಿನಿಮಾನೇ ವಾಸಿ ಎನ್ನುತ್ತಾನೆ. ಅದನ್ನೂ ಹಾಡಿಯೇ ಹೇಳುತ್ತಾನೆ. ನಿಮ್ಮಂಥ ನೋಡುಗರು ಬರುತ್ತಾರೆಂದು ನಿರ್ದೇಶಕ ಝಾಕ್ ದೆಮಿಗೆ ಗೊತ್ತಿತ್ತು, ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದುಕೊಂಡರು.

ಇನ್ನೊಂದು, ಇಳಿಜಾರು. ನಡಿಗೆ ಮೆಲ್ಲಗೆ ಕುಣಿತವಾಗುವುದು, ಗುನುಗು ಮೆಲ್ಲಗೆ ಹಾಡಾಗುವುದು. 1952ರ ‘ಸಿಂಗಿಂಗ್ ಇನ್ ದಿ ರೇನ್’ನ ಮಳೆಯ ಹಾಡನ್ನು ಬಹಳ ಮಂದಿ ತುಣುಕಾಗಿ ನೋಡಿರುತ್ತಾರೆ, ಅದರ ಕಟ್ಟಡವನ್ನು ಗಮನಿಸಿರುವುದಿಲ್ಲ. ಜೀನ್ ಕೆಲಿ ಕಾರನ್ನು ಮುಂದೆ ಕಳಿಸುತ್ತಾರೆ. ನಡೆಯುತ್ತಾರೆ. ಪದವಿಲ್ಲದೆ ಗುನುಗುತ್ತಾರೆ. ಕೊಡೆ ಮಡಚುತ್ತಾರೆ. ಆಮೇಲಷ್ಟೇ ಪದ, ಪದದ ಮೇಲೆ ಹೆಜ್ಜೆ, ಹೆಜ್ಜೆಯ ಮೇಲೆ ಕುಣಿತ. ನೀರಿನ ಸದ್ದು ಉದ್ದಕ್ಕೂ ಇರುತ್ತದೆ. ಕೊನೆಗೆ ಪೊಲೀಸನೊಬ್ಬ ಬಂದು ನಿಂತು ನೋಡುತ್ತಾನೆ. ಕುಣಿತ ನಿಲ್ಲುತ್ತದೆ, ಕೆಲಿ ನಾಲ್ಕು ಪದ ಹೇಳಿ, ಕೊಡೆಯನ್ನು ದಾರಿಹೋಕನಿಗೆ ಕೊಟ್ಟು ನಡೆದುಹೋಗುತ್ತಾರೆ. ಏರುವುದಕ್ಕೆ ಮೆಟ್ಟಿಲು ಇದ್ದಂತೆ ಇಳಿಯುವುದಕ್ಕೂ ಮೆಟ್ಟಿಲಿದೆ. ಹಾಡಿನಿಂದ ಮಾತಿಗೆ ಮರಳುವ ಈ ಕೊಂಡಿಯನ್ನು ಮರೆತವರೇ ಹೆಚ್ಚು. ಎಷ್ಟೋ ಸಿನಿಮಾಗಳಲ್ಲಿ ಹಾಡು ಮುಗಿದೊಡನೆ ಜೋಡಿ ಕೈ ಚಾಚಿ ನಿಂತು, ಇಲ್ಲದ ಚಪ್ಪಾಳೆಗೆ ಕಾಯುತ್ತದೆ. ರಂಗದಲ್ಲಿ ಅಲ್ಲಿ ಚಪ್ಪಾಳೆ ಬರುತ್ತಿತ್ತು, ಮನೆಯ ಟಿವಿಯ ಮುಂದೆ ಬರುವುದು ಮುಜುಗರ.

ಇನ್ನು ನೀವು ಬಿಟ್ಟೆದ್ದ ಎರಡರ ವಿಚಾರ. 2016ರ ‘ಲಾ ಲಾ ಲ್ಯಾಂಡ್’ನ ರಸ್ತೆ ಹಾಡು ತಪ್ಪಿ ಬಂದದ್ದಲ್ಲ. ‘ಈ ಸಿನಿಮಾದಲ್ಲಿ ಹೀಗೂ ನಡೆಯುತ್ತದೆ, ಒಪ್ಪಿಗೆ ಇದ್ದರೆ ಇರಿ’ ಎಂಬ ಕರಾರು ಅದು, ಮೊದಲ ನಿಮಿಷದಲ್ಲೇ ಓದಿ ಹೇಳಿದ್ದಾರೆ. ಆದರೆ ಆಗ ನಮಗೆ ಯಾವ ಪಾತ್ರವೂ ಗೊತ್ತಿಲ್ಲ. ಕುಣಿಯುವವರ ಸಂತೋಷಕ್ಕೆ ಕಾರಣ ಇನ್ನೂ ಕೈಗೆ ಸಿಕ್ಕಿಲ್ಲ. ನಿಮಗೆ ಅದು ಮೆರವಣಿಗೆ ಹಾದುಹೋದಂತೆ ಅನಿಸಿದ್ದು ಸಹಜ. ಮುಂದೆ ನಡುಭಾಗದಲ್ಲಿ ಹಾಡು ಕಡಿಮೆಯಾಗುತ್ತವೆ. ಕೊನೆಯ ಹೊತ್ತಿಗೆ ನಟಿಯಾಗಬೇಕೆಂದಿರುವ ನಾಯಕಿ ಆಯ್ಕೆಯವರ ಮುಂದೆ ಒಂದು ಕಥೆ ಹೇಳಬೇಕು. ಬರಿ ಮಾತಿನಲ್ಲಿ ತನ್ನ ಚಿಕ್ಕಮ್ಮನ ಕಥೆ ಶುರು ಮಾಡುತ್ತಾಳೆ, ಸುತ್ತಲಿನ ಬೆಳಕು ಇಳಿಯುತ್ತದೆ, ಮಾತು ತೂಗತೊಡಗುತ್ತದೆ, ಗೊತ್ತಾಗುವ ಮೊದಲೇ ಹಾಡುತ್ತಿರುತ್ತಾಳೆ. ಎಮ್ಮಾ ಸ್ಟೋನ್ ಅದನ್ನು ಸೆಟ್ಟಿನಲ್ಲೇ ಹಾಡಿದ್ದಾರೆ, ಮುದ್ರಿಸಿದ ಹಾಡಿಗೆ ತುಟಿ ಕೂಡಿಸಿಲ್ಲ. ಕೋಣೆ, ಉಸಿರು, ಗಂಟಲು ಎಲ್ಲ ಇದ್ದ ಹಾಗೇ ಇವೆ. ಒಂದೇ ಸಿನಿಮಾದಲ್ಲಿ ನಿಮಗೆ ಸೇರದ ಕೊಂಡಿಯೂ ಇದೆ, ಸೇರುವ ಕೊಂಡಿಯೂ ಇದೆ.

1965ರ ‘ಸೌಂಡ್ ಆಫ್ ಮ್ಯೂಸಿಕ್’ ಕೂಡ ಹಾಗೇ. ಮನೆಯ ಮಕ್ಕಳನ್ನು ನೋಡಿಕೊಳ್ಳಲು ಬಂದ ಮಾರಿಯಾ ಅವರಿಗೆ ಸ್ವರ ಕಲಿಸುವ ಹಾಡು ಪಾಠವೇ ಆದ್ದರಿಂದ ತಕರಾರಿಲ್ಲ. ದೊಡ್ಡ ಮಗಳು ಮತ್ತು ತಂತಿ ತರುವ ಹುಡುಗ ತೋಟದ ಮಂಟಪದಲ್ಲಿ ಹಾಡುವಾಗ ನಿಮ್ಮ ಕಾಲು ಬಾಗಿಲ ಕಡೆ ತಿರುಗಿರುತ್ತದೆ. ಆದರೆ ಅರ್ಧಕ್ಕೆ ಎದ್ದದ್ದರಿಂದ ನಿಮಗೆ ಒಂದು ದೊಡ್ಡ ನಷ್ಟವಾಗಿದೆ. ಮಕ್ಕಳ ತಂದೆ ಕ್ಯಾಪ್ಟನ್ ತನ್ನ ನಾಡಿನ ಹೂವಿನ ಹಾಡನ್ನು ಮೊದಲು ಮನೆಯಲ್ಲಿ ಗಿಟಾರ್ ಹಿಡಿದು ಹಾಡುತ್ತಾನೆ. ಅದೇ ಹಾಡು ಕೊನೆಯಲ್ಲಿ ಉತ್ಸವದ ರಂಗದ ಮೇಲೆ, ನಾಜಿ ಅಧಿಕಾರಿಗಳ ಎದುರು ಬರುತ್ತದೆ. ನಡುವೆ ಅವನ ದನಿ ಕಟ್ಟಿಕೊಳ್ಳುತ್ತದೆ, ಮಾರಿಯಾ ಮುಂದೆ ಬಂದು ಕೈಗೂಡಿಸುತ್ತಾಳೆ, ಇಡೀ ಸಭೆ ಹಾಡುತ್ತದೆ. ಮೊದಲ ಸಲ ಮನೆಯ ಹಾಡು, ಎರಡನೇ ಸಲ ನಾಡಿಗೆ ವಿದಾಯ. ಮೂರು ಗಂಟೆಗೆ ಆರು ನಿಮಿಷ ಕಡಿಮೆ ಇರುವ ಸಿನಿಮಾ ಅದು. ಮಧ್ಯಂತರದಲ್ಲಿ ನಿಲ್ಲಿಸಿ, ಎರಡು ರಾತ್ರಿಗೆ ಹಂಚಿ ನೋಡಿ.

ಇಷ್ಟು ಕೊಂಡಿಯ ಮಾತಾಯಿತು. ಎರಡನೇ ಪ್ರಶ್ನೆ ಹಾಡಿನ ದುಡಿಮೆಯದು. ಹಾಡು ಶುರುವಾದಾಗ ಪಾತ್ರಕ್ಕೆ ಗೊತ್ತಿಲ್ಲದ ಯಾವುದು, ಮುಗಿದಾಗ ಗೊತ್ತಾಗಿದೆ? ಯಾರ ಮನಸ್ಸು ಬದಲಾಗಿದೆ? ಒಂದು ಸಾಲಿನಲ್ಲಿ ಉತ್ತರ ಹೇಳಲು ಬಂದರೆ ಹಾಡು ದುಡಿದಿದೆ. ಬರದಿದ್ದರೆ ನಿಮ್ಮ ಬೇಸರ ನ್ಯಾಯವಾದದ್ದು. ಮೊದಲ ಚರಣದಲ್ಲೇ ಹೇಳಿ ಮುಗಿದದ್ದನ್ನು ಮತ್ತೆರಡು ಚರಣ ಹೊಸ ಉಪಮೆ ಹಾಕಿ ಹೇಳುವ ಹಾಡುಗಳು ಒಳ್ಳೆಯ ಸಿನಿಮಾಗಳಲ್ಲೂ ಇವೆ. ಮರಾಠಿ ಗಾಯಕನಟ ಬಾಲಗಂಧರ್ವರ ಕಾಲದ ನಾಟ್ಯಗೀತಕ್ಕೆ ಆ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಜನ ಕಥೆ ನಿಲ್ಲಿಸಿ ‘ವನ್ಸ್ ಮೋರ್’ ಕೂಗಿ ರಾಗ ಕೇಳಲೆಂದೇ ಬರುತ್ತಿದ್ದರು. 1932ರ ಹಿಂದಿ ‘ಇಂದ್ರಸಭಾ’ದಲ್ಲಿ ಎಪ್ಪತ್ತರ ಆಸುಪಾಸು ಹಾಡುಗಳು ಬಂದದ್ದೂ ಅದೇ ರುಚಿಯಿಂದ. ಇಂಗ್ಲಿಷ್ ಮ್ಯೂಸಿಕಲ್ಲಿನ ಹಾಡಾದರೆ ಕಥೆಯ ಗಾಡಿ ಎಳೆಯಲೇಬೇಕು. ಆದ್ದರಿಂದಲೇ ಒಂದು ಎಚ್ಚರ: ನಮ್ಮ ಸಿನಿಮಾದಲ್ಲಿ ಮಾಡಿದಂತೆ ಹಾಡನ್ನು ಓಡಿಸಬೇಡಿ. ಒಳ್ಳೆಯ ಮ್ಯೂಸಿಕಲ್ಲಿನಲ್ಲಿ ಒಂದು ಹಾಡು ಓಡಿಸಿದರೆ ಮುಂದಿನ ದೃಶ್ಯ ಅರ್ಥವೇ ಆಗುವುದಿಲ್ಲ, ಆಗ ತಪ್ಪು ಸಿನಿಮಾದ್ದೆಂದು ಕಾಣುತ್ತದೆ.

ಮೂರನೆಯ ಕಾರಣ ನಮ್ಮಂಥವರಿಗೆ ವಿಶೇಷವಾದದ್ದು. ಇಂಗ್ಲಿಷ್ ಮಾತು ಚೆನ್ನಾಗಿ ತಿಳಿಯುವವರಿಗೂ ಇಂಗ್ಲಿಷ್ ಹಾಡಿನ ಪದ ತಿಳಿಯುವುದಿಲ್ಲ. ಸ್ವರ ಎಳೆದಾಗ ಪದ ಒಡೆಯುತ್ತದೆ, ನಾಲ್ಕು ಜನ ಒಟ್ಟಿಗೆ ಹಾಡಿದರೆ ಮುಗಿದೇ ಹೋಯಿತು. ಪದ ತಿಳಿಯದಿದ್ದರೆ ಕಥೆ ಮುಂದೆ ಸಾಗಿದ್ದೂ ತಿಳಿಯುವುದಿಲ್ಲ, ‘ಸುಮ್ಮನೆ ಹಾಡಿದರು’ ಎಂದೇ ಅನಿಸುತ್ತದೆ. ಆದ್ದರಿಂದ ಅಡಿಬರಹ ಕಡ್ಡಾಯ. ಅದರಲ್ಲೂ ಒಂದು ಮೋಸವಿದೆ: ಕೆಲವು ಅಡಿಬರಹಗಳು ಮಾತನ್ನಷ್ಟೇ ತೋರಿಸಿ, ಹಾಡು ಬಂದಾಗ ಬರಿ ಸ್ವರದ ಚಿಹ್ನೆ ಹಾಕಿ ಸುಮ್ಮನಾಗುತ್ತವೆ. ಸಿನಿಮಾ ಹಚ್ಚುವ ಮೊದಲು ಯಾವುದಾದರೂ ಒಂದು ಹಾಡಿಗೆ ಹೋಗಿ ಹದಿನೈದು ಸೆಕೆಂಡು ನೋಡಿ. ಪದಗಳು ಬರುತ್ತಿಲ್ಲವಾದರೆ ಪಟ್ಟಿಯಲ್ಲಿ ಸಿಸಿ ಅಥವಾ ಎಸ್‌ಡಿಎಚ್ ಎಂದಿರುವ ಇಂಗ್ಲಿಷ್ ಅಡಿಬರಹ ಆರಿಸಿ. ಕಿವಿ ಕೇಳದವರಿಗಾಗಿ ಮಾಡಿದ ಅದರಲ್ಲಿ ಸಾಮಾನ್ಯವಾಗಿ ಹಾಡಿನ ಸಾಲೂ ಇರುತ್ತದೆ. ಹಿಂದಿ ಡಬ್ಬಿಂಗಿನಲ್ಲಿ ನೋಡಬೇಡಿ. ಎಷ್ಟೋ ಸಲ ಮಾತನ್ನು ಡಬ್ ಮಾಡಿ ಹಾಡನ್ನು ಮೂಲದಲ್ಲೇ ಬಿಟ್ಟಿರುತ್ತಾರೆ. ಆಗ ಮೇಲೆ ಹೇಳಿದ ನಾಲ್ಕು ಬದಲಾವಣೆಗಳ ಜೊತೆಗೆ ಐದನೆಯದಾಗಿ ದನಿ, ಆರನೆಯದಾಗಿ ಭಾಷೆಯೂ ಬದಲಾಗುತ್ತದೆ. ಅಂಥ ಕೊಂಡಿಯನ್ನು ಯಾವ ಕಿವಿಯೂ ಒಪ್ಪುವುದಿಲ್ಲ.

ದನಿ ಬದಲಾವಣೆ ಮೂಲದಲ್ಲೂ ಇದೆಯೆಂಬುದು ನೆನಪಿರಲಿ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೂ 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್‌ಗೂ ಹಾಡಿದ್ದು ಮಾರ್ನಿ ನಿಕ್ಸನ್. ಅದೇ ‘ಮೈ ಫೇರ್ ಲೇಡಿ’ಯ ರೆಕ್ಸ್ ಹ್ಯಾರಿಸನ್ ಮಾತ್ರ ಟೈಯಲ್ಲಿ ಸಣ್ಣ ಮೈಕು ಬಚ್ಚಿಟ್ಟುಕೊಂಡು ಸೆಟ್ಟಿನಲ್ಲೇ, ಅರ್ಧ ಮಾತು ಅರ್ಧ ಹಾಡಿನಲ್ಲಿ ಹೇಳಿದರು. ಒಂದೇ ಸಿನಿಮಾದಲ್ಲಿ ಅವರ ಹಾಡು ನಿಮಗೆ ಸಹಜವಾಗಿಯೂ ನಾಯಕಿಯದು ದೂರವಾಗಿಯೂ ಕೇಳಿಸಿದರೆ ಕಾರಣ ಇದು.

ಈಗ ಟಿವಿ. ಇದನ್ನು ಸಣ್ಣ ಮಾತೆಂದು ಬಿಡಬೇಡಿ, ಮನೆಯಲ್ಲಿ ಮ್ಯೂಸಿಕಲ್ ಕೆಡುವುದು ಅರ್ಧ ಇಲ್ಲಿಯೇ. ಇಂದಿನ ಸಿನಿಮಾಗಳ ಸದ್ದನ್ನು ಥಿಯೇಟರಿನ ಹಲವು ಸ್ಪೀಕರುಗಳಿಗೆ ಹಂಚಿರುತ್ತಾರೆ. ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ, ಹಾಡು ಸುತ್ತಲಿನಿಂದ. ಟಿವಿಯ ಎರಡು ಸಣ್ಣ ಸ್ಪೀಕರಿಗೆ ಅದನ್ನು ಇಳಿಸಿದಾಗ ಮಾತು ತಗ್ಗುತ್ತದೆ, ಹಾಡು ಅಬ್ಬರಿಸುತ್ತದೆ, ಕೈ ರಿಮೋಟಿಗೆ ಹೋಗುತ್ತದೆ. ಸೌಂಡ್‌ಬಾರ್ ಇಲ್ಲದಿದ್ದರೆ ಆಡಿಯೊ ಪಟ್ಟಿಯಲ್ಲಿ 5.1 ಬದಲು ಸ್ಟೀರಿಯೊ ಆರಿಸಿ, ‘ಸರೌಂಡ್’ ಆರಿಸಿ ಇಟ್ಟಿದ್ದರೆ ತೆಗೆಯಿರಿ, ‘ಮ್ಯೂಸಿಕ್’ ಮೋಡ್ ಬೇಡ, ‘ಸ್ಟ್ಯಾಂಡರ್ಡ್’ ಇರಲಿ. ಮೊದಲ ಮಾತಿನ ದೃಶ್ಯಕ್ಕೆ ಸರಿಯಾಗಿ ವಾಲ್ಯೂಮ್ ಇಟ್ಟು ಕೈ ತೆಗೆಯಿರಿ. ಮೊದಲ ಹಾಡಿಗೆ ಕಿವಿ ನೊಂದರೆ ‘ನೈಟ್ ಮೋಡ್’ ಹಾಕಿ, ಅದು ಜೋರನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ.

ಚಿತ್ರದ ಪಟ್ಟಿಯಲ್ಲಿ ಮೋಷನ್ ಸ್ಮೂದಿಂಗ್ ಅನ್ನು ಪೂರ್ತಿ ಆಫ್ ಮಾಡಿಬಿಡಿ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂದಿರುತ್ತದೆ, ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನು ಒತ್ತಿದರೆ ಸಾಕು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಇರುತ್ತದೆ. ಟಿವಿ ನಡುವೆ ತನ್ನದೇ ಚಿತ್ರಗಳನ್ನು ಸೇರಿಸಿದರೆ ಎಲ್ಲ ಧಾರಾವಾಹಿಯಂತೆ ಕಾಣುತ್ತದೆ, ಬಣ್ಣ ಬಳಿದ ಸೆಟ್ಟು ಬಣ್ಣ ಬಳಿದದ್ದಾಗಿಯೇ ಕಾಣುತ್ತದೆ. 1952ರ ಸಿನಿಮಾ ಹೆಚ್ಚು ಕಡಿಮೆ ಚೌಕ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ, ‘ಜೂಮ್’ ಒತ್ತಬೇಡಿ. ಜೂಮ್ ಒತ್ತಿದರೆ ಮೊದಲು ಕತ್ತರಿಸಿ ಹೋಗುವುದು ಕುಣಿಯುವವರ ಪಾದ.

ಮಗಳ ಜೊತೆ ನೋಡಲು ಆರಿಸುವಾಗ ಈ ಕ್ರಮ ಹಿಡಿಯಿರಿ. ಮೊದಲು 2007ರ ‘ಒನ್ಸ್’. ಒಂದೂವರೆ ಗಂಟೆಯೂ ಇಲ್ಲ. ಡಬ್ಲಿನ್ನಿನ ಬೀದಿ ಹಾಡುಗಾರ, ಹೂ ಮಾರುವ ಹುಡುಗಿ, ಇಬ್ಬರೂ ನಿಜಕ್ಕೂ ಸಂಗೀತಗಾರರು. ವಾದ್ಯದ ಅಂಗಡಿಯಲ್ಲಿ ಅವನು ಅವಳಿಗೆ ಸ್ವರ ಹೇಳಿಕೊಡುತ್ತಾನೆ, ಅವಳು ಪಿಯಾನೊದಲ್ಲಿ ಹುಡುಕುತ್ತಾಳೆ, ತಡವರಿಸುತ್ತ ಹಾಡು ನಮ್ಮೆದುರೇ ಹುಟ್ಟುತ್ತದೆ. ನಿಮಗೆ ಇದು ಖಂಡಿತ ಸೇರುತ್ತದೆ. ಎರಡನೆಯದು ‘ಸಿಂಗಿಂಗ್ ಇನ್ ದಿ ರೇನ್’, ಸುಮಾರು ನೂರು ನಿಮಿಷ. ಕಥೆಯೇ ಮೂಕಿ ಸಿನಿಮಾಕ್ಕೆ ಮಾತು ಬಂದ ಕಾಲದ ಪಡಿಪಾಟಲು, ದನಿ ಎರವಲು ಕೊಡುವ ಹುಡುಗಿಯ ಪಾಡು. ಕೊನೆಯ ಭಾಗದಲ್ಲಿ ಉದ್ದನೆಯ ಬ್ರಾಡ್‌ವೇ ಕುಣಿತವೊಂದು ಕಥೆಗೆ ಸಂಬಂಧವಿಲ್ಲದೆ ಬರುತ್ತದೆ. ಅಲ್ಲಿ ಬೇಸರವಾದರೆ ಅದು ನಿಮ್ಮ ತಪ್ಪಲ್ಲ, ಎದ್ದು ಚಹಾ ಇಟ್ಟು ಬನ್ನಿ. ಮೂರನೆಯದು ‘ಶೆರ್ಬೂರ್’, ಇಪ್ಪತ್ತು ನಿಮಿಷ ಕಳೆಯುವ ತನಕ ತೀರ್ಪು ಕೊಡಬೇಡಿ. ನಾಲ್ಕನೆಯದಾಗಿ ‘ಲಾ ಲಾ ಲ್ಯಾಂಡ್’ಗೆ ಮರಳಿ. ಆ ಹೊತ್ತಿಗೆ ರಸ್ತೆ ಹಾಡು ಕರಾರಿನಂತೆ ಕೇಳುತ್ತದೆ.

‘ವೆಸ್ಟ್ ಸೈಡ್ ಸ್ಟೋರಿ’ 1961ರದನ್ನೇ ಮೊದಲು ನೋಡಿ. ಚಿಟಿಕೆ ನಡಿಗೆಯಾಗಿ, ನಡಿಗೆ ಕುಣಿತವಾಗಿ, ಕುಣಿತ ಹೊಡೆದಾಟವಾಗುವ ಮೊದಲ ಹತ್ತು ನಿಮಿಷಕ್ಕೆ ಸಾಟಿ ಇಲ್ಲ. ಪ್ರೇಮದ ಹಾಡುಗಳು ನಿಮ್ಮನ್ನು ಮತ್ತೆ ಪರೀಕ್ಷಿಸುತ್ತವೆ. 2012ರ ‘ಲೆ ಮಿಸರಾಬ್ಲ್’ನಲ್ಲಿ ನಟರು ಕಿವಿಯಲ್ಲಿ ಪಿಯಾನೊ ಕೇಳುತ್ತ ಸೆಟ್ಟಿನಲ್ಲೇ ಹಾಡಿದರು, ವಾದ್ಯಮೇಳವನ್ನು ಆಮೇಲೆ ಸೇರಿಸಿದರು. ಕೊಂಡಿ ಗಟ್ಟಿ, ಆದರೆ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಮುಖದ ಹತ್ತಿರವೇ ಕ್ಯಾಮೆರಾ. ಅದನ್ನು ಕೊನೆಗೆ ಇಟ್ಟುಕೊಳ್ಳಿ. 2000ದ ‘ಡ್ಯಾನ್ಸರ್ ಇನ್ ದಿ ಡಾರ್ಕ್’ ಕಾರ್ಖಾನೆಯ ಯಂತ್ರದ ಸದ್ದಿನಿಂದಲೇ ಹಾಡು ಹುಟ್ಟಿಸುತ್ತದೆ, ‘ಶಿಕಾಗೊ’ ಮೆಚ್ಚಿದವರ ಕಿವಿಗೆ ಒಪ್ಪುತ್ತದೆ. ಆದರೆ ಕೊನೆ ಬಹಳ ಘೋರ. ಮೊದಲು ನೀವೊಬ್ಬರೇ ನೋಡಿ, ಆಮೇಲೆ ಮಗಳ ಜೊತೆ ನೋಡುವ ಮಾತು.

ಮಗಳಿಗೆ ನೀವು ತೋರಿಸಬೇಕಾದವೂ ಇವೆ. ‘ಕಟ್ಯಾರ್’ ಸರಿಯೇ. ಅದರ ಹಿಂದೆ 1936ರ ಪ್ರಭಾತ್ ಕಂಪನಿಯ ‘ಸಂತ ತುಕಾರಾಮ’ ಇಡಿ. ರಂಗದಲ್ಲಿ ಹಾಡಿ ಪಳಗಿದ ವಿಷ್ಣುಪಂತ ಪಾಗ್ನೀಸರು ತಾವೇ ಹಾಡುತ್ತಾರೆ. ಅದರ ‘ಆಧೀ ಬೀಜ ಏಕಲೆ’ ಎಷ್ಟು ಒಪ್ಪವಾಗಿ ಬೆಸೆದಿದೆಯೆಂದರೆ, ಅದು ಶಾಂತಾರಾಮ ಆಠವಲೆ ಸಿನಿಮಾಕ್ಕೆಂದು ಬರೆದದ್ದಾದರೂ ಜನ ತುಕಾರಾಮರ ಅಭಂಗವೆಂದೇ ನಂಬಿದರು. ಕನ್ನಡದಲ್ಲಿ 1966ರ ‘ಸಂಧ್ಯಾರಾಗ’ ನೋಡಿ, ಭೀಮಸೇನ ಜೋಶಿಯವರ ದನಿ ಕೇಳಲು ಸಿಗುತ್ತದೆ. 1975ರ ‘ಹಂಸಗೀತೆ’ಯಲ್ಲಿ ಹಾಡುಗಾರನ ಬದುಕೇ ಕಥೆ. 1990ರ ‘ಸಂತ ಶಿಶುನಾಳ ಶರೀಫ’ದಲ್ಲಿ ತತ್ವಪದವೇ ಶರೀಫರ ಮಾತು. 1987ರ ‘ಪ್ರೇಮಲೋಕ’ವನ್ನೂ ಬಿಡಬೇಡಿ: ಹಂಸಲೇಖ ಕಾಲೇಜು ಹುಡುಗ ಹುಡುಗಿಯರ ಮಾತುಕತೆ, ಕಿಚಾಯಿಸುವಿಕೆ, ಜಗಳವನ್ನೇ ಹಾಡಿನ ಸಾಲಾಗಿಸಿದ್ದಾರೆ. ಇಂಗ್ಲಿಷ್ ಮ್ಯೂಸಿಕಲ್ ಮಾಡುವ ಕೆಲಸವನ್ನು ಕನ್ನಡದ ಆಡುಮಾತಿನಲ್ಲಿ ಮಾಡಿದ ಸಿನಿಮಾ ಅದು. ಒಂದು ಹಾಡಿನ ಮೊದಲ ಮೂವತ್ತು ಸೆಕೆಂಡನ್ನು ಎರಡು ಸಲ ಹಚ್ಚಿ, ಪೇಟಿಯ ಸುರ ಎಲ್ಲಿ ಬಂತೆಂದು ಮಗಳನ್ನೇ ಕೇಳಿ.